ಯಾರ ಮನೆಯ ಸಾವು?

ಅಪ್ಪ ತಿಪಟೂರಿನ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಬಂದು ಮೂರನೇ ದಿನ. ಬೆಳಗ್ಗೆ ಹತ್ತೂವರೆ ಇರಬಹುದು. ನಾನು ಅವತ್ತು ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಬಾಲ್ಕನಿಯಲ್ಲಿ ನಿಂತು ಹತ್ತು ನಿಮಿಷ ರಸ್ತೆ ನೋಡಿದವರು ಒಳಗೆ ಬಂದು, ದನಿ ತಗ್ಗಿಸಿ ಕೇಳಿದರು: "ಏನ್ಲಾ ಮಗ, ಯಾರ ಮನೇಲಿ ಸಾವಾಗೈತೆ?"

ನಗು ಬಂತು. "ಯಾರೂ ಸತ್ತಿಲ್ಲಪ್ಪ, ಇಲ್ಲಿ ಯಾವಾಗ್ಲೂ ಹಿಂಗೇ" ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ. ಆ ನಿಶ್ಶಬ್ದಕ್ಕೋಸ್ಕರ ಇಪ್ಪತ್ತು ವರ್ಷದ ಸಾಲ ಮಾಡಿರೋನು ನಾನು, ಅಷ್ಟೂ ಹೆಮ್ಮೆ ಬೇಡವಾ? ಅಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. ನಮ್ಮೂರಲ್ಲಿ ಹಗಲು ಹೊತ್ತು ಒಂದು ಬೀದಿ ಇಷ್ಟು ಸುಮ್ಮನಿದೆ ಅಂದರೆ ಅದಕ್ಕೆ ಇರೋದು ಒಂದೇ ಕಾರಣ.

ನಮ್ಮ ಲೇಔಟ್ ಇರೋದು ಆನೇಕಲ್ ತಾಲೂಕಿನಲ್ಲಿ, ಹುಸ್ಕೂರಿನ ಆಸುಪಾಸು. ಸೈಟ್ ನೋಡಲು ಬಂದ ದಿನ ಬ್ರೋಷರ್ ಕೈಗಿಟ್ಟವನು ಹೇಳಿದ್ದು ಇಷ್ಟೇ: "ಸಾರ್, ಹಳ್ಳಿ ಥರ ಶಾಂತ, ಆದ್ರೆ ಎಲೆಕ್ಟ್ರಾನಿಕ್ ಸಿಟಿ ಪಕ್ಕದಲ್ಲೇ." ನಾನು ಹಳ್ಳಿಯವನು. ಆ ಮಾತಿನ ಮೊದಲರ್ಧ ಸುಳ್ಳು ಅಂತ ನನಗೆ ಅಲ್ಲೇ ಗೊತ್ತಾಗಬೇಕಿತ್ತು.

ಹಳ್ಳಿ ಯಾವತ್ತು ಶಾಂತವಾಗಿತ್ತು ಸ್ವಾಮಿ? ಬೆಳಗಿನ ಜಾವ ಡೈರಿ ಮುಂದೆ ಹಾಲಿನ ಕ್ಯಾನುಗಳ ಸದ್ದು, ನಲ್ಲಿ ಹತ್ತಿರ ಕೊಡಪಾನದ ಜಗಳ, ಅಟ್ಟದ ಮೇಲೆ ಒಣಗಿದ ಕೊಬ್ಬರಿ ಲೊಡಲೊಡ ಅನ್ನೋದು, ಅದರ ಮೇಲೆ ದೇವಸ್ಥಾನದ ಮೈಕು. ಹಳ್ಳಿಯಲ್ಲಿ ಇರೋದು ಶಾಂತಿ ಅಲ್ಲ, ಗುರುತು. ಕೆಮ್ಮು ಕೇಳಿದರೆ ಯಾರ ಕೆಮ್ಮು ಅಂತ ಗೊತ್ತು. ಎರಡು ದಿನ ಕೇಳಿಸದಿದ್ದರೆ ಬಾಗಿಲು ತಟ್ಟುವವರೂ ಇದ್ದಾರೆ. ಆ ಗುರುತಿನಿಂದ ಕಿರಿಕಿರಿಯೂ ಉಂಟು. ಜಾತಿ ಕೇಳುತ್ತಾರೆ, ಸಂಬಳ ಕೇಳುತ್ತಾರೆ, ಯಾಕೆ ಇನ್ನೂ ಮಕ್ಕಳಾಗಿಲ್ಲ ಅಂತಲೂ ಕೇಳುತ್ತಾರೆ. ಅದರಿಂದ ಓಡಿ ಬಂದವನೇ ನಾನು. ಹಾಗಾಗಿ ಹಳ್ಳಿಯೇ ಸ್ವರ್ಗ ಅಂತ ಹಾಡೋಕೆ ಕೂತಿಲ್ಲ. ನನ್ನ ತಕರಾರು ಬೇರೆ.

ಈ ನಿಶ್ಶಬ್ದ ಎಲ್ಲಿಂದ ಬಂತು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಎಂಟೂವರೆಗೆ ಗೇಟಿನಿಂದ ಕಾರುಗಳು ಸಾಲಾಗಿ ಹೊರಡುತ್ತವೆ. ವಾಪಸ್ಸು ಬರೋದು ರಾತ್ರಿ ಎಂಟಕ್ಕೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಬಂತು, ಹುಸ್ಕೂರು ರೋಡ್ ಅಂತಲೇ ಒಂದು ಸ್ಟೇಷನ್ನೂ ಆಯ್ತು. ಆದರೆ ಸ್ಟೇಷನ್ನಿನಿಂದ ಮನೆ ತಲುಪೋಕೆ ಮತ್ತೆ ಆಟೋದವರ ಕಾಲು ಹಿಡಿಯಬೇಕು ಅಂತ ಕಾರು ಬಿಟ್ಟವರು ಕಡಿಮೆ. ನಾವು ಮಾಡೋ ಸದ್ದೆಲ್ಲ ಸಿಲ್ಕ್ ಬೋರ್ಡಿನಲ್ಲಿ, ಔಟರ್ ರಿಂಗ್ ರೋಡಿನಲ್ಲಿ, ಬೇರೆಯವರ ಮನೆ ಮುಂದೆ. ಹಾರ್ನ್ ಅಲ್ಲಿ ಹೊಡೆದು, ಮಲಗೋಕೆ ಇಲ್ಲಿಗೆ ಬರ್ತೀವಿ. ಇದನ್ನು ಶಾಂತಿ ಅಂತ ಹೇಗೆ ಕರೆಯೋದು? ನಾವು ಯಾರೂ ಇಲ್ಲ, ಅಷ್ಟೇ.

ಹಾಗಂತ ಹಗಲು ಇಲ್ಲಿ ಯಾರೂ ಇರಲ್ಲ ಅನ್ನೋದೂ ಸುಳ್ಳು. ಮನೆಗೆಲಸದ ಹೆಂಗಸರಿದ್ದಾರೆ, ಹನ್ನೆರಡು ಗಂಟೆ ಡ್ಯೂಟಿ ಮಾಡೋ ಸೆಕ್ಯುರಿಟಿ ಹುಡುಗರಿದ್ದಾರೆ, ಕಸ ಗುಡಿಸುವವರಿದ್ದಾರೆ. ಅವರು ಜೋರಾಗಿ ಮಾತಾಡಬಾರದು, ಪಾರ್ಕಿನ ಬೆಂಚಿನಲ್ಲಿ ಕೂರಬಾರದು ಅಂತ ನಾವೇ ನಿಯಮ ಮಾಡಿದ್ದೀವಿ. ನಮ್ಮ ಶಾಂತಿಗೆ ದಿನಾ ಬಾಯಿ ಮುಚ್ಚಿಕೊಂಡು ಇರೋರು ಅವರು.

ನೀರಿನ ಕಥೆಯೂ ಇದೇ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾದಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಪಟಾಕಿ ಇಮೋಜಿ ಹಾಕಿದ್ದರು. ಆ ನೀರು 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ, ನಮ್ಮದು ಇನ್ನೂ ಗ್ರಾಮ ಪಂಚಾಯ್ತಿ ಅಂತ ಅವರಿಗೆ ಗೊತ್ತೇ ಇರಲಿಲ್ಲ! ನಮಗೆ ಬರೋದು ಬೋರ್‌ವೆಲ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಟ್ಯಾಂಕರ್ ತುಂಬೋದು ಪಕ್ಕದ ಹೊಲದ ಬೋರಿನಿಂದ. ಆ ಹೊಲದಲ್ಲಿ ಮೊದಲು ಗುಲಾಬಿ ಬೆಳೀತಿದ್ದರು. ಈಗ ಹೂವಿಗಿಂತ ನೀರಿಗೇ ಹೆಚ್ಚು ಕಾಸು. ಆ ರೈತನನ್ನು ನಾನು ಬೈಯಲಾರೆ, ಕೊಳ್ಳೋರು ನಾವೇ ತಾನೇ.

ಈಗ ಜಾತ್ರೆಯ ವಿಷಯ. ಬೇಸಿಗೆ ಶುರುವಿನಲ್ಲಿ ಹುಸ್ಕೂರು ಮದ್ದೂರಮ್ಮನ ಜಾತ್ರೆ. ಸುತ್ತಲ ಹಳ್ಳಿಗಳವರು ನೂರಡಿಗೂ ಎತ್ತರದ ಕುರ್ಜು ಕಟ್ಟಿ, ಎತ್ತು ಟ್ರಾಕ್ಟರು ಹೂಡಿ ಗದ್ದೆ ಬಯಲಲ್ಲಿ ಎಳೆದು ತರುತ್ತಾರೆ. ತೇರು ದಾಟೋವರೆಗೆ ದಾರಿಯ ಕರೆಂಟು ತೆಗೀಬೇಕು. ನಮ್ಮ ಗ್ರೂಪಿನಲ್ಲಿ ಅವತ್ತು ಬಂದ ಮೆಸೇಜುಗಳು: "ಇದನ್ನೆಲ್ಲ ಯಾರು ಪರ್ಮಿಟ್ ಮಾಡ್ತಾರೆ?", "ನನ್ನ ಕ್ಲೈಂಟ್ ಕಾಲ್ ಇದೆ", "ಪೊಲೀಸರಿಗೆ ಹೇಳೋಣ". 2024ರಲ್ಲಿ ಒಂದು ಕುರ್ಜು ಉರುಳಿತ್ತು, 2025ರಲ್ಲಿ ಉರುಳಿದಾಗ ಜೀವವೇ ಹೋಯಿತು. ಎತ್ತರಕ್ಕೆ ಮಿತಿ ಬೇಕು, ಎಳೆಯೋರಿಗೆ ರಕ್ಷಣೆ ಬೇಕು ಅಂತ ಯಾರಾದರೂ ಕೇಳಿದ್ದರೆ ಅದು ನ್ಯಾಯವಾದ ಮಾತು. ನಮ್ಮವರು ಕೇಳಿದ್ದು ಇನ್ವರ್ಟರ್ ಎಷ್ಟು ಹೊತ್ತು ಬರುತ್ತೆ ಅಂತ. ನಾವು ಈ ಮಣ್ಣಿಗೆ ಬರೋಕೆ ಎಷ್ಟೋ ತಲೆಮಾರು ಮುಂಚಿನಿಂದ ನಡೀತಿರೋ ಜಾತ್ರೆಗೆ ನಾವು ಪರ್ಮಿಷನ್ ಕೊಡಬೇಕಂತೆ!

ಇಷ್ಟು ಹೊತ್ತು "ನಮ್ಮವರು" ಅಂತ ಬೇರೆಯವರನ್ನು ಬೈದೆ. ಈಗ ನನ್ನ ಸರದಿ.

ಲೇಔಟಿನ ಹಿಂದುಗಡೆ ಒಂದು ಚಿಕ್ಕ ಗೇಟಿತ್ತು. ಅಲ್ಲಿಂದ ಆಚೆ ಹಳೇ ಗಾಡಿದಾರಿ, ಅದರಾಚೆ ಹಳ್ಳಿ. ಹುಲ್ಲು ಕೊಯ್ಯೋ ಹೆಂಗಸರು, ಕುರಿ ಕಾಯೋ ಒಬ್ಬ ಅಜ್ಜ ನಮ್ಮ ರಸ್ತೆಯಲ್ಲೇ ಹಾದು ಮೇನ್ ರೋಡ್ ಸೇರುತ್ತಿದ್ದರು. ಅಪ್ಪನಿಗೆ ಎರಡನೇ ವಾರ ಆ ಅಜ್ಜನ ಪರಿಚಯ ಆಯ್ತು. ಆಮೇಲೆ ದಿನಾ ಹನ್ನೊಂದಕ್ಕೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಇಬ್ಬರದೂ ಸಭೆ. ಕೊಬ್ಬರಿ ರೇಟು, ಮೇವಿನ ರೇಟು, ಮಂಡಿ ನೋವಿಗೆ ಯಾವ ಎಣ್ಣೆ ಒಳ್ಳೇದು. ಅಪ್ಪ ಊಟಕ್ಕೆ ಬರುವಾಗ ಮುಖ ಗೆಲುವಾಗಿರುತ್ತಿತ್ತು. "ಇದ್ದುಬಿಡ್ತೀನಿ ಕಣೋ ಒಂದೆರಡು ತಿಂಗಳು" ಅಂದಿದ್ದರು.

ಅಷ್ಟರಲ್ಲಿ ಯಾರದೋ ಮಗುವಿನ ಸೈಕಲ್ ಕಾಣೆಯಾಯಿತು. ಭಾನುವಾರ ಅಸೋಸಿಯೇಷನ್ ಮೀಟಿಂಗ್. ಹಿಂದಿನ ಗೇಟಿಗೆ ಬೀಗ ಹಾಕೋಣ ಅಂತ ಪ್ರಸ್ತಾಪ, ಒಪ್ಪಿಗೆ ಇರೋರು ಕೈ ಎತ್ತಿ ಅಂದರು. ನಾನೂ ಎತ್ತಿದೆ. ಸಿಟ್ಟಿನಿಂದಲ್ಲ, ಭಯದಿಂದಲೂ ಅಲ್ಲ. ಮೀಟಿಂಗ್ ಬೇಗ ಮುಗಿದರೆ ಸಾಕಾಗಿತ್ತು. ಸೈಕಲ್ ಮಾರನೇ ವಾರ ಕ್ಲಬ್ ಹೌಸ್ ಹಿಂದೆ ಸಿಕ್ಕಿತು. ಬೀಗ ಹಾಗೇ ಉಳಿಯಿತು.

ಅಪ್ಪ ನಾಲ್ಕು ದಿನ ಹನ್ನೊಂದಕ್ಕೆ ಹೋಗಿ ಬೀಗ ನೋಡಿಕೊಂಡು ಬಂದರು. ಐದನೇ ದಿನ "ತೆಂಗಿಗೆ ನೀರು ಬಿಡಬೇಕು" ಅಂತ ಬ್ಯಾಗ್ ಕಟ್ಟಿದರು. ನೀರು ಬಿಡೋಕೆ ತಮ್ಮ ಇದ್ದ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ನಾನು ಲೇಔಟಿನ ಕಾಗದಪತ್ರ ತೆಗೆದು ಓದಿದೆ, ಕೊಳ್ಳುವಾಗ ಓದದೆ ಸೈನ್ ಹಾಕಿದ್ದವು. ಅನುಮೋದನೆಯಾದ ಲೇಔಟಿನಲ್ಲಿ ರಸ್ತೆ, ಪಾರ್ಕು ಎಲ್ಲ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ನಮ್ಮದೂ ಹಾಗೇ ಪಂಚಾಯ್ತಿಗೆ ಬಿಟ್ಟುಕೊಟ್ಟಿದೆ. ನಾವು ಮೇಂಟೆನೆನ್ಸ್ ಕಟ್ಟಬಹುದು, ಗಿಡಕ್ಕೆ ನೀರು ಹಾಕಬಹುದು. ರಸ್ತೆ ಮಾತ್ರ ನಮ್ಮಪ್ಪನದ್ದಲ್ಲ. ಪಂಚಾಯ್ತಿ ರಸ್ತೆಯಲ್ಲಿ ನಿಂತು ಪಂಚಾಯ್ತಿಯ ಮತದಾರನಿಗೇ "ಎಲ್ಲಿಗೆ ಹೋಗ್ಬೇಕು?" ಅಂತ ಕೇಳಿಸ್ತಾ ಇದ್ದೀವಿ. ಕೇಳಿಸೋ ನಮ್ಮ ಓಟು ಮಾತ್ರ ಇನ್ನೂ ತಿಪಟೂರಿನಲ್ಲಿ, ಹಾಸನದಲ್ಲಿ, ಹುಬ್ಬಳ್ಳಿಯಲ್ಲಿ.

"ಸೇಫ್ಟಿ ಬೇಡವೇನ್ರಿ?" ಅಂತ ಕೇಳ್ತೀರಿ. ಖಂಡಿತ ಬೇಕು. ಮನೆ ಬಾಗಿಲಿಗೆ ಬೀಗ ಹಾಕಿ, ಕ್ಯಾಮೆರಾ ಹಾಕಿ, ರಾತ್ರಿ ಗಸ್ತು ಇಡಿ. ಆದರೆ ಮಧ್ಯಾಹ್ನ ಮುದುಕರೊಬ್ಬರು ಜಾರಿ ಬಿದ್ದರೆ ನಿಮ್ಮ ಕ್ಯಾಮೆರಾ ಎತ್ತುತ್ತದಾ? ದಾರಿಯಲ್ಲಿ ಜನ ಓಡಾಡೋದೂ ಒಂದು ಕಾವಲೇ. "ಸದ್ದು ಬೇಕಿದ್ರೆ ಮೆಜೆಸ್ಟಿಕ್ಕಿಗೆ ಹೋಗು ಗುರೂ" ಅಂತಲೂ ಅಂತೀರಿ. ರಾತ್ರಿ ಹತ್ತರ ಮೇಲಿನ ನಿಶ್ಶಬ್ದ ನನಗೂ ಇಷ್ಟ. ನಾನು ಬೇಡ ಅಂತಿರೋದು ಹಗಲು ಹನ್ನೊಂದರ ನಿಶ್ಶಬ್ದ. ಅದು ಇನ್ನೊಬ್ಬರನ್ನು ಆಚೆ ಹಾಕಿ ತಂದದ್ದು.

ಮಾಡಬೇಕಾದ್ದು ದೊಡ್ಡದೇನಲ್ಲ. ಮತದಾರರ ಪಟ್ಟಿಗೆ ವಿಳಾಸ ಬದಲಾಯಿಸೋಕೆ ನಮೂನೆ 8, ಆನ್‌ಲೈನಿನಲ್ಲೇ ತುಂಬಬಹುದು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಹೋಗಿ ಕೂತುಕೊಳ್ಳಿ. ನೀರು, ಕಸ, ಬೀದಿದೀಪ, ನಾವು ಟ್ವಿಟರ್‌ನಲ್ಲಿ ಮುಖ್ಯಮಂತ್ರಿಯನ್ನು ಟ್ಯಾಗ್ ಮಾಡಿ ಕೇಳೋದೆಲ್ಲ ಅಲ್ಲೇ ಚರ್ಚೆ ಆಗೋದು. ಅಲ್ಲಿ ಕೂತಾಗ ಪಕ್ಕದ ಕುರ್ಚಿಯಲ್ಲಿ ನಾವು ಗೇಟ್ ಹಾಕಿದವರೇ ಇರುತ್ತಾರೆ. ಮೊದಲ ಸಲ ಮುಜುಗರ ಆಗುತ್ತೆ, ಆಗಲಿ.

ಈ ಭಾನುವಾರ ಮತ್ತೆ ಮೀಟಿಂಗ್ ಇದೆ. ಬೀಗ ತೆಗೆಯೋಣ ಅಂತ ಪ್ರಸ್ತಾಪ ಬರೆದು ಕೊಟ್ಟಿದ್ದೀನಿ. ಸಹಿ ಹಾಕಿದವರು ಸದ್ಯಕ್ಕೆ ಇಬ್ಬರು, ಅದರಲ್ಲಿ ಒಬ್ಬಳು ನನ್ನ ಹೆಂಡತಿ. ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. ಮಳೆ ವಿಷಯ ಆಯ್ತು, ಕೊಬ್ಬರಿ ವಿಷಯ ಆಯ್ತು. ಕೊನೆಗೆ ಅವರೇ ಕೇಳಿದರು: "ಆ ಕುರಿಯವ್ರು ಈಗ ಯಾವ ಕಡೆಯಿಂದ ಬತ್ತಾರೆ?"

ಗೊತ್ತಿಲ್ಲ ಅಂದೆ.