ನಡಿಗೆಯೂ ಬೇಕು, ನಾರೂ ಬೇಕು

‘ನಾವು ಶುದ್ಧ ಶಾಕಾಹಾರಿಗಳು. ದಿನಾ ಒಂದು ತಾಸು ನಡೆಯುತ್ತೇವೆ. ಆದರೂ ಕೊಲೆಸ್ಟ್ರಾಲ್ ಇಳಿಯುತ್ತಿಲ್ಲವಲ್ಲ!’ ನಮ್ಮ ಸಮಾಜದ ಹಿರಿಯರಲ್ಲಿ, ಅದರಲ್ಲೂ ನಿವೃತ್ತರಲ್ಲಿ, ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಉತ್ತರವನ್ನು ನಮ್ಮ ತಾಟಿನಲ್ಲೇ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಕೊಲೆಸ್ಟ್ರಾಲ್ ಬರೀ ಆಹಾರದಿಂದ ಬರುವ ವಸ್ತುವಲ್ಲ. ದೇಹಕ್ಕೆ ಬೇಕಾದ ಅದನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ತುಪ್ಪ, ಬೆಣ್ಣೆ, ವನಸ್ಪತಿ ಅತಿಯಾದರೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಮರಳಿ ಎಳೆದುಕೊಳ್ಳುವ ಯಕೃತ್ತಿನ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಶಾಕಾಹಾರವೊಂದೇ ರಕ್ಷಣೆಯಲ್ಲ.

ನೀರಾವರಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ನಾನು ಇದನ್ನು ಕೆರೆಯ ಲೆಕ್ಕದಲ್ಲಿ ನೋಡುತ್ತೇನೆ. ಸಕ್ಕರೆಯನ್ನೂ ಕೊಬ್ಬನ್ನೂ ದೇಹ ಸೌದೆಯಂತೆ ಸುಡಬಲ್ಲದು, ಕೊಲೆಸ್ಟ್ರಾಲನ್ನು ಸುಡಲಾರದು. ಅದು ಹೊರಹೋಗುವ ಮುಖ್ಯ ತೂಬು ಪಿತ್ತರಸ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲ ಮಾಡಿ ಕರುಳಿಗೆ ಬಿಡುತ್ತದೆ. ಕರುಳು ಅದರಲ್ಲಿ ನೂರಕ್ಕೆ ಸುಮಾರು 95 ಭಾಗವನ್ನು ಹೀರಿ ಮತ್ತೆ ಯಕೃತ್ತಿಗೇ ಕಳಿಸುತ್ತದೆ. ತೂಬಿನಿಂದ ಬಿಟ್ಟ ನೀರನ್ನು ಪಂಪು ಹಚ್ಚಿ ಮತ್ತೆ ಕೆರೆಗೇ ತುಂಬಿದಂತೆ!

ಇಲ್ಲಿ ನೆರವಿಗೆ ಬರುವುದು ನೀರಿನಲ್ಲಿ ಕರಗುವ ನಾರು. ಅದು ಕರುಳಿನಲ್ಲಿ ಲೋಳೆಯಾಗಿ ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಆ ಕೊರತೆ ತುಂಬಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಇಂಥ ನಾರು ಸಿಕ್ಕರೆ ಎಲ್‌ಡಿಎಲ್ ಶೇ. 5ರ ಆಸುಪಾಸಿನಲ್ಲಿ ಇಳಿಯಬಹುದು.

ಹಾಗಾದರೆ ನಡಿಗೆ ವ್ಯರ್ಥವೇ? ಖಂಡಿತ ಅಲ್ಲ. ನಡಿಗೆಯಿಂದ ಟ್ರೈಗ್ಲಿಸರೈಡ್, ರಕ್ತದೊತ್ತಡ, ಸಕ್ಕರೆ ಇಳಿಯುತ್ತವೆ. ಒಳ್ಳೆಯ ಕೊಲೆಸ್ಟ್ರಾಲ್ ತುಸು ಏರುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಎಲ್‌ಡಿಎಲ್ ಮೇಲೆ ನಡಿಗೆಯ ಪರಿಣಾಮ ಕಡಿಮೆ. ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಒಂದು ಇನ್ನೊಂದರ ಬದಲಿಯಲ್ಲ.

ನಮಗೆ ದಿನಕ್ಕೆ ಒಟ್ಟು 30 ಗ್ರಾಂನಷ್ಟು ನಾರು ಬೇಕು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಇರುವುದು 3 ಗ್ರಾಂ ಒಳಗೆ. ಅಷ್ಟೇ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ, ಇಡಿಯ ಹೆಸರುಕಾಳಿನಲ್ಲಿ 17 ಗ್ರಾಂ. ಜೋಳದ ನಾರಿನಲ್ಲಿ ಕರಗದ ಭಾಗವೇ ಹೆಚ್ಚು. ಆದ್ದರಿಂದ ರೊಟ್ಟಿಯ ಜೊತೆಗೆ ಕಾಳಿನ ಪಲ್ಯ, ಬೆಂಡೆಕಾಯಿ, ನೆನೆಸಿದ ಮೆಂತ್ಯ, ಅಗಸಿ ಚಟ್ನಿ, ಪೇರಲ ಹಣ್ಣು ಇರಬೇಕು. ನಾರನ್ನು ನಿಧಾನವಾಗಿ ಹೆಚ್ಚಿಸಿ, ನೀರು ಹೆಚ್ಚು ಕುಡಿಯಿರಿ. ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ. ವೈದ್ಯರು ಕೊಟ್ಟ ಗುಳಿಗೆಯನ್ನು ನಾರಿನ ನೆಪದಲ್ಲಿ ನಿಲ್ಲಿಸಬೇಡಿ.

ಈಗ ಪೂಜ್ಯರಲ್ಲಿ, ದಾಸೋಹ ಸಮಿತಿಗಳವರಲ್ಲಿ ಒಂದು ವಿನಂತಿ. ನಮ್ಮ ಕಾರ್ಯಕ್ರಮಗಳಲ್ಲಿ ಹುಗ್ಗಿ, ತುಪ್ಪ, ಬಜ್ಜಿ, ರಾಶಿ ಬಿಳಿ ಅನ್ನ ರೂಢಿಯಾಗಿದೆ. ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ ಬಡವರ ಊಟವೆಂದು ಹಿಂದೆ ಸರಿದಿವೆ. ಅವುಗಳನ್ನೇ ಮುಂದೆ ತನ್ನಿ. ಸಿಹಿ ಹಬ್ಬಕ್ಕಿರಲಿ. ಸಭೆಯಲ್ಲಿ ಮೂರು ತಾಸು ಕೂತ ನಾವೂ ಊಟದ ನಂತರ ಬಡಿಸುವುದಕ್ಕೆ, ತಾಟು ತೊಳೆಯುವುದಕ್ಕೆ, ಕಸ ಗುಡಿಸುವುದಕ್ಕೆ ಎದ್ದು ನಿಲ್ಲೋಣ. ಕಾಯಕ ದೊಡ್ಡದೆಂದು ಭಾಷಣ ಮಾಡುವ ನಿವೃತ್ತರು ಆ ಕೆಲಸವನ್ನೆಲ್ಲ ಹುಡುಗರಿಗೆ ಬಿಟ್ಟು ಕುರ್ಚಿಯಲ್ಲಿ ಕೂರುವುದು ತತ್ವಕ್ಕೂ ಒಪ್ಪದು, ಹೃದಯಕ್ಕೂ ಒಪ್ಪದು. ಬರುವ ಶ್ರಾವಣದ ಪ್ರವಚನ ಮಾಲೆಯಿಂದಲೇ ಒಂದೊಂದು ಮಠದಲ್ಲಿ ಇದನ್ನು ಆರಂಭಿಸಬಹುದಲ್ಲವೇ?