ಕುರ್‌ಆನನ್ನು ಮಹಾಸ್ಫೋಟಕ್ಕೆ ಅಡವಿಡಬೇಡಿ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಧಾರ್ಮಿಕ ಸಭೆಗಳಲ್ಲಿ ಒಂದು ವಾದವು ಪದೇ ಪದೇ ಕೇಳಿಬರುತ್ತಿದೆ. ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದಲ್ಲಿ ಕಂಡುಕೊಂಡ ಮಹಾಸ್ಫೋಟವನ್ನು ಪವಿತ್ರ ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಸಾರಿತ್ತು, ಆದ್ದರಿಂದ ಅದು ದೇವವಾಣಿಯೆಂಬುದು ಸಾಬೀತಾಯಿತು ಎಂಬುದೇ ಆ ವಾದ. ಭಾಷಣಕಾರರು ಇದನ್ನು ಹೇಳುತ್ತಲೇ ಸಭೆಯಲ್ಲಿ ತಕ್ಬೀರ್ ಮೊಳಗುತ್ತದೆ. ಅಂತಹದೇ ಒಂದು ಸಭೆಯ ಮರುದಿನ, ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮದ್ರಸಕ್ಕೆ ಬಂದು ಕೇಳಿದನು: "ಉಸ್ತಾದ್, ನಾಳೆ ವಿಜ್ಞಾನಿಗಳು ಈ ಸಿದ್ಧಾಂತವನ್ನು ಬದಲಾಯಿಸಿದರೆ ನಾವು ಏನು ಹೇಳುವುದು?" ಇದನ್ನೇ ಅವನು ಸಭೆಯಲ್ಲಿ ಕೇಳಿದಾಗ, ಇಂತಹ ಪ್ರಶ್ನೆ ಶೈತಾನನ ದುರ್ಬೋಧನೆ ಎಂಬ ಉತ್ತರ ದೊರೆತಿತ್ತಂತೆ.

ಆ ಹುಡುಗನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದುದು ಭಾಷಣಕಾರರ ವಾದದಲ್ಲಿ.

ಮೊದಲು ಸಿದ್ಧಾಂತದ ಚರಿತ್ರೆಯನ್ನು ನೋಡೋಣ. 1917ರಲ್ಲಿ ಐನ್‌ಸ್ಟೈನ್ ತಮ್ಮ ಸಾಪೇಕ್ಷತಾ ಸಮೀಕರಣಗಳನ್ನು ಇಡೀ ವಿಶ್ವಕ್ಕೆ ಅನ್ವಯಿಸಿದಾಗ ವಿಶ್ವವು ನಿಶ್ಚಲವೆಂದೇ ಭಾವಿಸಿದ್ದರು. ಅದನ್ನು ನಿಶ್ಚಲವಾಗಿರಿಸಲು ಸಮೀಕರಣಕ್ಕೆ ಒಂದು ಹೊಸ ಪದವನ್ನೂ ಸೇರಿಸಿದರು. 1922ರಲ್ಲಿ ರಷ್ಯಾದ ಫ್ರೀಡ್‌ಮನ್, 1927ರಲ್ಲಿ ಬೆಲ್ಜಿಯಂನ ಲೆಮೇತ್ರ್ ಅದೇ ಸಮೀಕರಣಗಳಿಂದ ವಿಶ್ವವು ವಿಸ್ತರಿಸಬಲ್ಲದೆಂದು ತೋರಿಸಿದರು. ದೂರದ ಗ್ಯಾಲಕ್ಸಿಗಳು ದೂರ ಹೆಚ್ಚಿದಷ್ಟೂ ವೇಗವಾಗಿ ನಮ್ಮಿಂದ ಸರಿಯುತ್ತಿವೆಯೆಂಬುದನ್ನು 1929ರಲ್ಲಿ ಹಬಲ್ ಪ್ರಕಟಿಸಿದರು. ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 1948ರಲ್ಲಿ ಹಾಯ್ಲ್, ಬಾಂಡಿ ಮತ್ತು ಗೋಲ್ಡ್ ಎಂಬ ಮೂವರು ವಿದ್ವಾಂಸರು ಸ್ಥಿರಸ್ಥಿತಿ ಸಿದ್ಧಾಂತವನ್ನು ಮಂಡಿಸಿದರು. ಅದರ ಪ್ರಕಾರ ವಿಶ್ವಕ್ಕೆ ಆದಿಯೇ ಇಲ್ಲ. ಅದು ವಿಸ್ತರಿಸಿದಂತೆ ಹೊಸ ದ್ರವ್ಯವು ಹುಟ್ಟುತ್ತಾ ಅದರ ಸಾಂದ್ರತೆಯು ಸದಾ ಒಂದೇ ಆಗಿರುತ್ತದೆ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅವರು ಆಕಾಶದ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುತ್ತಿದ್ದ, ಸುಮಾರು 3 ಕೆಲ್ವಿನ್ ಉಷ್ಣತೆಯ ಕ್ಷೀಣ ವಿಕಿರಣವನ್ನು ಪತ್ತೆಹಚ್ಚಿದ ಸುದ್ದಿ ಪ್ರಕಟವಾದ ಮೇಲೆಯೇ ತಕ್ಕಡಿಯು ಮಹಾಸ್ಫೋಟದ ಕಡೆಗೆ ವಾಲಿತು.

ಹಾಗಾದರೆ 1917ರಿಂದ 1965ರವರೆಗೆ ಬಾಳಿ ಮಡಿದ ಕೋಟ್ಯಂತರ ಸತ್ಯವಿಶ್ವಾಸಿಗಳ ವಿಶ್ವಾಸ ಯಾವುದರ ಮೇಲೆ ನಿಂತಿತ್ತು? ಆ ಕಾಲದ ವಿದ್ವಾಂಸರೊಬ್ಬರು ಕುರ್‌ಆನನ್ನು ಐನ್‌ಸ್ಟೈನರ ನಿಶ್ಚಲ ವಿಶ್ವಕ್ಕೋ ಹಾಯ್ಲರ ಆದಿಯಿಲ್ಲದ ವಿಶ್ವಕ್ಕೋ ಹೊಂದಿಸಿ ವ್ಯಾಖ್ಯಾನಿಸಿದ್ದರೆ ಇಂದು ನಾವು ಏನು ಮಾಡುತ್ತಿದ್ದೆವು?

ನನ್ನ ಮಾತನ್ನು ಯಾರೂ ತಪ್ಪಾಗಿ ಗ್ರಹಿಸಬಾರದು. ಮಹಾಸ್ಫೋಟ ಸಿದ್ಧಾಂತವು ಬರಿಯ ಊಹೆಯೆಂದು ನಾನು ಹೇಳುತ್ತಿಲ್ಲ. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವವು ಅತಿ ಸಾಂದ್ರವೂ ಅತಿ ಉಷ್ಣವೂ ಆಗಿದ್ದು, ಅಂದಿನಿಂದ ವಿಸ್ತರಿಸುತ್ತಾ ತಣಿಯುತ್ತಾ ಬಂದಿದೆಯೆಂಬುದಕ್ಕೆ ಬಲವಾದ ಸಾಕ್ಷ್ಯಗಳಿವೆ. ಆದರೆ ಆ ಸಿದ್ಧಾಂತವು ಹೇಳುವುದು ಇಷ್ಟನ್ನೇ. ಅದು 'ಶೂನ್ಯದಿಂದ ಸೃಷ್ಟಿ'ಯ ವರದಿಯಲ್ಲ. ಕಾಲವನ್ನು ಹಿಂದಕ್ಕೆ ಸರಿಸುತ್ತಾ ಹೋದಂತೆ ಒಂದು ಘಟ್ಟದಲ್ಲಿ ಸಾಪೇಕ್ಷತಾ ಸಿದ್ಧಾಂತವೇ ಕೈಚೆಲ್ಲುತ್ತದೆ. ಅದಕ್ಕೂ ಮುಂಚೆ ಏನಿತ್ತು, 'ಮುಂಚೆ' ಎಂಬ ಮಾತಿಗೆ ಅಲ್ಲಿ ಅರ್ಥವಿದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿಯೇ ಹಲವು ಪಕ್ಷಗಳಿವೆ. ಅವರೇ ತೆರೆದಿಟ್ಟಿರುವ ಪ್ರಶ್ನೆಗೆ ನಾವು ವೇದಿಕೆಯ ಮೇಲೆ ಮುದ್ರೆಯೊತ್ತುವುದು ಯಾವ ನ್ಯಾಯ?

ಇನ್ನು ಆ ಸೂಕ್ತದ ವಿಚಾರ. ಅಲ್ ಅಂಬಿಯಾ ಅಧ್ಯಾಯದ 30ನೆಯ ಸೂಕ್ತದಲ್ಲಿ, ಆಕಾಶಗಳೂ ಭೂಮಿಯೂ ಕೂಡಿಕೊಂಡಿದ್ದವು, ಅಲ್ಲಾಹನು ಅವುಗಳನ್ನು ಬೇರ್ಪಡಿಸಿದನು ಎಂಬ ಆಶಯವಿದೆ. ಪೂರ್ವಸೂರಿಗಳು ಇದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳನ್ನು ನೀಡಿದ್ದಾರೆ. ಎರಡೂ ಅಂಟಿಕೊಂಡಿದ್ದು ಬಳಿಕ ಬೇರೆಯಾದವು ಎಂದು ಕೆಲವರು ಹೇಳಿದರು. ಆಕಾಶವು ಮಳೆ ಸುರಿಸದೆ, ಭೂಮಿಯು ಬೆಳೆ ಕೊಡದೆ ಮುಚ್ಚಿಕೊಂಡಿದ್ದವು, ಅಲ್ಲಾಹನು ಒಂದನ್ನು ಮಳೆಯಿಂದಲೂ ಇನ್ನೊಂದನ್ನು ಸಸ್ಯದಿಂದಲೂ ತೆರೆದನು ಎಂದು ಬೇರೆ ಕೆಲವರು ವಿವರಿಸಿದರು. ಇಮಾಮ್ ತಬರಿಯವರು ಒಲಿದದ್ದು ಈ ಎರಡನೆಯ ಅರ್ಥಕ್ಕೆ. ಸೂಕ್ತದ ಮುಂದಿನ ಭಾಗವು ನೀರಿನಿಂದ ಜೀವಿಗಳು ಉಂಟಾದುದನ್ನೇ ಹೇಳುತ್ತದೆ. ಮೇಲಾಗಿ ಭೂಮಿಗೆ ಸುಮಾರು 450 ಕೋಟಿ ವರ್ಷಗಳಾಗಿವೆ ಎನ್ನುತ್ತದೆ ವಿಜ್ಞಾನ. ಎಂದರೆ ವಿಶ್ವವು ವಿಸ್ತರಿಸತೊಡಗಿ 900 ಕೋಟಿ ವರ್ಷಗಳು ಕಳೆದ ಬಳಿಕ ರೂಪುಗೊಂಡ ಗ್ರಹವಿದು. ತಫ್ಸೀರನ್ನೂ ಖಗೋಳ ವಿಜ್ಞಾನವನ್ನೂ ಓದದವರಿಗೆ ಮಾತ್ರವೇ ಈ ಹೊಂದಾಣಿಕೆ ಸುಲಭವಾಗಿ ಕಾಣುತ್ತದೆ.

'ಇದರಿಂದ ನಾಲ್ಕು ಮಂದಿ ಧರ್ಮದ ಕಡೆಗೆ ಬರುತ್ತಾರಲ್ಲ, ನಷ್ಟವೇನು?' ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಪ್ರವಾದಿವರ್ಯರ(ಸ) ಬದುಕಿನಲ್ಲಿಯೇ ಉತ್ತರವಿದೆ. ಅವರ ಪುಟ್ಟ ಮಗು ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮಗುವಿನ ಮರಣಕ್ಕಾಗಿಯೇ ಸೂರ್ಯನು ಮಂಕಾದನೆಂದು ಜನರು ಆಡಿಕೊಂಡರು. ಜನರ ಕಣ್ಣಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇರೆ ಯಾವುದಿದ್ದೀತು? ಮೌನವಾಗಿದ್ದಿದ್ದರೂ ಸಾಕಿತ್ತು. ಆದರೆ ಪುತ್ರಶೋಕದ ನಡುವೆಯೂ ಪ್ರವಾದಿವರ್ಯರು(ಸ) ಅದನ್ನು ತಿದ್ದಿದರು. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಮರಣಕ್ಕಾಗಿಯೂ ಯಾರ ಜನನಕ್ಕಾಗಿಯೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಕಲಿಸಿದರು. ತಮಗೆ ಅನುಕೂಲಕರವಾದ ಸುಳ್ಳು ಪುರಾವೆಯನ್ನು ನಿರಾಕರಿಸಿದ ಪ್ರವಾದಿಯ ಅನುಯಾಯಿಗಳು ನಾವು. ಅಲ್ಲಾಹನ ಧರ್ಮಕ್ಕೆ ನಮ್ಮ ಉತ್ಪ್ರೇಕ್ಷೆಯ ಊರುಗೋಲು ಬೇಕಿಲ್ಲ.

ಇಮಾಮ್ ಗಝಾಲಿಯವರೂ ಇದೇ ಹಾದಿಯನ್ನು ತುಳಿದವರು. ವಿಶ್ವವು ಅನಾದಿಯೆಂದ ತತ್ತ್ವಜ್ಞಾನಿಗಳನ್ನು 'ತಹಾಫುತುಲ್ ಫಲಾಸಿಫ'ದಲ್ಲಿ ಖಂಡಿಸಿದ ಅವರು, ಅದೇ ಗ್ರಂಥದ ಪೀಠಿಕೆಯಲ್ಲಿ ಒಂದು ಎಚ್ಚರಿಕೆಯನ್ನೂ ನೀಡಿದ್ದಾರೆ. ಗ್ರಹಣದ ಕುರಿತು ಗಣಿತದಿಂದ ಸಿದ್ಧಪಟ್ಟ ವಿವರಣೆಯನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಇನ್ನೂ ಸಿದ್ಧಪಡದ ವಿಷಯವನ್ನು ಧರ್ಮದ ಹೆಸರಿನಲ್ಲಿ ಸಿದ್ಧವೆಂದು ಸಾರುವವನು ಮಾಡುವ ಹಾನಿಯೂ ಅದಕ್ಕಿಂತ ಕಡಿಮೆಯದಲ್ಲ.

ನಾವು ಇಂದು ಮಾಡುತ್ತಿರುವ ತಪ್ಪನ್ನು ಬೇರೆಯವರು ಮೊದಲೇ ಮಾಡಿದ್ದಾರೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್, ಹೊಸ ವಿಜ್ಞಾನವು ಸೃಷ್ಟಿಗೆ ಸಾಕ್ಷ್ಯ ನುಡಿಯುತ್ತಿದೆಯೆಂಬ ಅರ್ಥದ ಭಾಷಣ ಮಾಡಿದರು. ಅದರಿಂದ ಅಸಮಾಧಾನಗೊಂಡವರಲ್ಲಿ ಲೆಮೇತ್ರ್ ಕೂಡ ಇದ್ದರು. ಅವರು ಸ್ವತಃ ಕ್ಯಾಥೊಲಿಕ್ ಪಾದ್ರಿ. ಆದರೂ ತಮ್ಮ ಸಿದ್ಧಾಂತವು ಧಾರ್ಮಿಕ ಪ್ರಶ್ನೆಯಿಂದ ಹೊರಗುಳಿಯುತ್ತದೆಂದೇ ಅವರು ಭಾವಿಸಿದ್ದರು.

ಇನ್ನೊಂದು ದಡದಲ್ಲಿರುವವರಿಗೂ ಒಂದು ಮಾತು ಹೇಳಬೇಕಾಗಿದೆ. ಹಾಕಿಂಗ್ ಮತ್ತು ಮ್ಲೊಡಿನೊವ್ ತಮ್ಮ 2010ರ ಕೃತಿಯಲ್ಲಿ, ಗುರುತ್ವದಂತಹ ನಿಯಮವಿರುವುದರಿಂದ ವಿಶ್ವವು ಶೂನ್ಯದಿಂದ ತಾನೇ ಉಂಟಾಗಬಲ್ಲದು, ಸೃಷ್ಟಿಕರ್ತನ ಅಗತ್ಯವಿಲ್ಲ ಎಂದು ವಾದಿಸಿದರು. ನಿಯಮವೊಂದು ಇದೆಯೆಂದಾದರೆ ಅದು ಶೂನ್ಯ ಹೇಗಾದೀತು? ಆ ನಿಯಮವೇಕೆ ಇದೆ, ಏನೂ ಇಲ್ಲದಿರುವ ಬದಲು ಏನಾದರೂ ಏಕೆ ಇದೆ ಎಂಬ ಪ್ರಶ್ನೆಗೆ ಯಾವ ದೂರದರ್ಶಕವೂ ಉತ್ತರಿಸದು. ಸಮೀಕರಣದಲ್ಲಿ ಅಲ್ಲಾಹನನ್ನು ಕಂಡೆವೆನ್ನುವವರೂ, ಸಮೀಕರಣದಿಂದ ಅವನನ್ನು ಹೊರಗಟ್ಟಿದೆವೆನ್ನುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ.

ವಿಶ್ವಕ್ಕೆ ಆದಿಯಿದೆ, ಅದು ಅಲ್ಲಾಹನ ಸೃಷ್ಟಿ ಎಂಬುದು ನಮ್ಮ ಅಖೀದ. ಈ ವಿಶ್ವಾಸವು 1965ರಲ್ಲಿ ಹುಟ್ಟಿದ್ದಲ್ಲ, ಮುಂದೊಂದು ದಿನ ಬರುವ ಹೊಸ ಸಿದ್ಧಾಂತದಿಂದ ಅಳಿಯುವುದೂ ಇಲ್ಲ. ಅಸ್ತಿತ್ವಕ್ಕಾಗಿ ಮತ್ತೊಂದನ್ನು ಅವಲಂಬಿಸಿರುವ ಈ ಲೋಕವು ಯಾರನ್ನೂ ಅವಲಂಬಿಸದ ಒಬ್ಬನತ್ತ ಬೆರಳು ತೋರುತ್ತದೆ. ಅದು ವಿಸ್ತರಿಸಿದರೂ ನಿಂತಿದ್ದರೂ ಆ ಅವಲಂಬನೆಯು ಬದಲಾಗದು. ಆಕಾಶಗಳ ಬಗ್ಗೆ ಚಿಂತಿಸಿರೆಂದು ಕುರ್‌ಆನ್ ಕರೆ ನೀಡಿರುವುದು ನಮ್ಮ ಅಂತಃಕರಣವು ಎಚ್ಚರಗೊಳ್ಳಲೆಂದು, ಹೊರತು ಪಂದ್ಯ ಗೆಲ್ಲಲೆಂದಲ್ಲ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದೂ ಇಷ್ಟೇ: ಭೌತಶಾಸ್ತ್ರವನ್ನು ಭೌತಶಾಸ್ತ್ರವೆಂದೇ ಚೆನ್ನಾಗಿ ಓದು. ಸಿದ್ಧಾಂತ ಬದಲಾದರೆ ಅದನ್ನೂ ಓದು. ನಿನ್ನ ನಮಾಝಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ವೇದಿಕೆಯೇರುವ ನಮ್ಮ ಸಹೋದರರಲ್ಲಿ ನನ್ನದೊಂದು ವಿನಂತಿ. ಅಗ್ಗದ ಪುರಾವೆಯ ಮೇಲೆ ಕಟ್ಟಿದ ವಿಶ್ವಾಸವು ಆ ಪುರಾವೆಯೊಂದಿಗೇ ಕುಸಿಯುತ್ತದೆ. ಆಗ ಅದರಡಿ ಸಿಲುಕುವವರು ನೀವಲ್ಲ, ನಿಮ್ಮ ಮಾತನ್ನು ನಂಬಿದ ಈ ಮಕ್ಕಳು. ನಾಳೆ ಅಲ್ಲಾಹನ ಮುಂದೆ ಅವರ ಕುರಿತು ಕೇಳಲಾಗುವವರು ನಾವೇ.