ತಾತನ ಪೆಟ್ಟಿಗೆ: ಆಟದ ರೈಲಿಗೆ ಎಂಥ ಟ್ರಾನ್ಸ್‌ಫಾರ್ಮರ್?

ಪ್ರೀತಿಯ ಮೊಮ್ಮಕ್ಕಳೇ, ಪಕ್ಕದಲ್ಲೇ ಕನ್ನಡಕ ಹುಡುಕುತ್ತ ಕೂತಿರುವ ಅಜ್ಜ-ಅಜ್ಜಿಯರೇ,

ಈ ವಾರ ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಅಮೆರಿಕದಲ್ಲಿರುವ ನನ್ನ ಕಿರಿಮಗ ರಜೆಗೆ ಬಂದಾಗ, ಇಲ್ಲಿರುವ ಅಣ್ಣನ ಮಗನಿಗೆಂದು ಕರೆಂಟಿನಲ್ಲಿ ಓಡುವ ರೈಲಿನ ಸೆಟ್ ತಂದಿದ್ದ. ಒಂದು ಎಂಜಿನ್, ನಾಲ್ಕು ಬೋಗಿ, ಸುತ್ತ ಜೋಡಿಸುವ ಹಳಿ, ಜೊತೆಗೊಂದು ಭಾರವಾದ ಕಪ್ಪು ಡಬ್ಬಿ. ಆ ಡಬ್ಬಿಯೇ ಟ್ರಾನ್ಸ್‌ಫಾರ್ಮರ್. ಊಟದ ಮೇಜಿನ ಮೇಲೆ ಹಳಿ ಹಾಸಿದೆವು. ರಟ್ಟಿನ ಸ್ಟೇಷನ್ನಿಗೆ ಮೊಮ್ಮಗ ‘ಅರಸೀಕೆರೆ ಜಂಕ್ಷನ್’ ಎಂದು ಬೋರ್ಡೂ ಬರೆದ. ಪ್ಲಗ್ಗಿನ ಚಪ್ಪಟೆ ಪಿನ್ನುಗಳು ನಮ್ಮ ಸಾಕೆಟ್ಟಿಗೆ ಹೋಗಲಿಲ್ಲ. ಅಂಗಡಿಯಿಂದ ಒಂದು ಪಿನ್ ಅಡಾಪ್ಟರ್ ತಂದೆ.

“ತಾತ, ಡಬ್ಬಿ ಹಿಂದೆ 120 ಅಂತ ಬರೆದಿದೆ ನೋಡಿ,” ಎಂದ ಹುಡುಗ.

“ಅದೇನೋ ಮಾಡೆಲ್ ನಂಬರ್ ಕಣೋ, ಸ್ವಲ್ಪ ಸರಿ,” ಎಂದು ಸ್ವಿಚ್ ಹಾಕಿಯೇಬಿಟ್ಟೆ.

ಡಬ್ಬಿ ಗುಂಯ್ ಎಂದು ಗುಡುಗಿತು. ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ. ಓಡಿಹೋಗಿ ಸ್ವಿಚ್ ಆರಿಸಿದೆ. ಎಂಜಿನ್ ಇನ್ನೂ ಹಳಿ ಏರಿರಲಿಲ್ಲ, ಅದೊಂದು ಉಳಿಯಿತು. ಹುಡುಗ ಅಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದ.

ಅವನು ಓದಿದ್ದು ಮಾಡೆಲ್ ನಂಬರ್ ಆಗಿರಲಿಲ್ಲ. ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ 120 ವೋಲ್ಟ್. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಪಿನ್ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆ, ವೋಲ್ಟನ್ನಲ್ಲ!

ಹಾಗಾದರೆ ಟ್ರಾನ್ಸ್‌ಫಾರ್ಮರ್ ಏನು ಮಾಡುತ್ತದೆ? ಒಳಗೆ ಕಬ್ಬಿಣದ ಒಂದು ಚೌಕಟ್ಟು, ಅದರ ಮೇಲೆ ತಾಮ್ರದ ತಂತಿಯ ಎರಡು ಸುರುಳಿಗಳು. ಗೋಡೆಯಿಂದ ಬಂದ ವಿದ್ಯುತ್ ಮೊದಲ ಸುರುಳಿಯಲ್ಲಿ ಹರಿದಾಗ ಕಬ್ಬಿಣದಲ್ಲಿ ಕಾಂತಶಕ್ತಿ ಏರಿಳಿಯುತ್ತದೆ. ಆ ಏರಿಳಿತ ಎರಡನೆಯ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಇದನ್ನು 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ತಂತಿ ಸುತ್ತಿ ತೋರಿಸಿದ್ದ. ಎರಡನೆಯ ಸುರುಳಿಯಲ್ಲಿ ಸುತ್ತುಗಳು ಕಡಿಮೆ ಇದ್ದರೆ ವೋಲ್ಟೂ ಕಡಿಮೆ. 230ನ್ನು 12ಕ್ಕೆ ಇಳಿಸಲು, ಮೊದಲ ಸುರುಳಿಯ ಸುಮಾರು 19 ಸುತ್ತಿಗೆ ಎರಡನೆಯದರಲ್ಲಿ 1 ಸುತ್ತು ಬೇಕು.

ಹೊಸ ಡಬ್ಬಿ ಕೊಳ್ಳಲು ಹೋದಾಗ ಈ ಸಲ ಓದುವ ಕೆಲಸ ಮೊಮ್ಮಗನಿಗೆ, ಕೇಳಿಸಿಕೊಳ್ಳುವ ಕೆಲಸ ನನಗೆ. ಮೂರು ಪ್ರಶ್ನೆ ಬರೆದುಕೊಂಡು ಹೋಗಿದ್ದೆವು.

ಒಂದು: ಒಳಗೆ ಬರುವುದೆಷ್ಟು? ‘ಇನ್‌ಪುಟ್’ ಎಂದಿರುವ ಕಡೆ 230 ವೋಲ್ಟ್, 50 ಹರ್ಟ್ಸ್ ಎಂದಿರಬೇಕು. 100ರಿಂದ 240 ಎಂದಿದ್ದರೂ ಸರಿ.

ಎರಡು: ಹೊರಗೆ ಹೋಗುವುದೆಂಥದ್ದು? ಎಚ್‌ಓ ಅಳತೆಯ ರೈಲುಗಳು ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಅವುಗಳ ಹಳಿಯ ಅಗಲ 16.5 ಮಿಲಿಮೀಟರ್. ಇಂಥ ಬಹಳಷ್ಟು ರೈಲುಗಳಿಗೆ ಬೇಕಾದದ್ದು 12 ವೋಲ್ಟಿನವರೆಗಿನ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್. ಜರ್ಮನಿಯ ಮಾರ್‌ಕ್ಲಿನ್, ಅಮೆರಿಕದ ಲಯನೆಲ್ ಕಂಪನಿಗಳ ಹಳೆಯ ರೈಲುಗಳು ಮಾತ್ರ ಎಸಿಯಲ್ಲಿ ಓಡುತ್ತವೆ. ಡಿಸಿ ಎಂಜಿನ್ನಿಗೆ ಎಸಿ ಕೊಟ್ಟರೆ ಅದು ನಿಂತಲ್ಲೇ ನಡುಗಿ ಬಿಸಿಯಾಗುತ್ತದೆ. ಜೊತೆಗೆ ವೇಗ ಹೆಚ್ಚು-ಕಡಿಮೆ ಮಾಡುವ ತಿರುಗುಗುಂಡಿ, ರೈಲನ್ನು ಹಿಂದಕ್ಕೆ ಓಡಿಸುವ ಸ್ವಿಚ್ ಎರಡೂ ಇರಲಿ. ಫ್ಯಾನ್ ರೆಗ್ಯುಲೇಟರ್ ಜೋಡಿಸುವ ಉಪಾಯ ಖಂಡಿತ ಬೇಡ.

ಮೂರು: ಎಷ್ಟು ಹೊರೆ ಹೊರಬಲ್ಲದು? ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕಿನ ಎತ್ತರ ಅಂದರೆ ವೋಲ್ಟ್, ನಲ್ಲಿಯಲ್ಲಿ ಹರಿಯುವ ನೀರು ಅಂದರೆ ಆಂಪಿಯರ್. ನಮ್ಮ ಲೆಕ್ಕ ಹೀಗಿತ್ತು: ಎಂಜಿನ್ನಿಗೆ ಅರ್ಧ ಆಂಪಿಯರ್‌ನಂತೆ, ಮುಂದೆ ಕೊಳ್ಳುವುದೂ ಸೇರಿ ಎರಡು ಎಂಜಿನ್ನಿಗೆ 1. ಸ್ಟೇಷನ್ನಿನ ಹತ್ತು ಪುಟ್ಟ ಬಲ್ಬುಗಳಿಗೆ 0.05ರಂತೆ ಅರ್ಧ. ಒಟ್ಟು 1.5 ಆಂಪಿಯರ್. 12 ವೋಲ್ಟಿನಿಂದ ಗುಣಿಸಿದರೆ 18 ವ್ಯಾಟ್. ಸ್ವಲ್ಪ ಕೈಮಿಕ್ಕಿರಲಿ ಎಂದು 2 ಆಂಪಿಯರ್, ಅಂದರೆ 24 ವ್ಯಾಟಿನದು ಆರಿಸಿದೆವು.

“ತಾತ, 10 ಆಂಪಿಯರ್‌ದೇ ತಗೊಂಡ್ರೆ ಇನ್ನೂ ಒಳ್ಳೇದಲ್ವಾ?” ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಎಂಜಿನ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ದೊಡ್ಡ ಡಬ್ಬಿಯಿಂದ ಅದರ ವೇಗ ಹೆಚ್ಚುವುದಿಲ್ಲ. ಆದರೆ ಬೋಗಿ ಹಳಿ ತಪ್ಪಿ, ಲೋಹದ ಗಾಲಿ ಎರಡೂ ಹಳಿಗಳನ್ನು ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್. ಆಗ ದೊಡ್ಡ ಡಬ್ಬಿ ತನ್ನ ಶಕ್ತಿಯನ್ನೆಲ್ಲ ಅಲ್ಲಿಗೇ ಸುರಿದು ಗಾಲಿಯನ್ನು ಕರಗಿಸಬಹುದು. ಅದಕ್ಕೇ ಅಗತ್ಯಕ್ಕೆ ತಕ್ಕಷ್ಟೇ ಇರಲಿ. ಶಾರ್ಟ್ ಆದರೆ ತಾನೇ ನಿಲ್ಲುವ ವ್ಯವಸ್ಥೆಯೂ ಇರಲಿ.

ಅಜ್ಜ-ಅಜ್ಜಿಯರಿಗೆ ಇನ್ನೊಂದು ಮಾತು. ಟ್ರಾನ್ಸ್‌ಫಾರ್ಮರ್ ಹಿಂದುಮುಂದಾಗಿಯೂ ಕೆಲಸ ಮಾಡುತ್ತದೆ. ಎಸಿ ರೈಲಿನ ಒಂದೇ ಹಳಿಗೆ ಎರಡು ಟ್ರಾನ್ಸ್‌ಫಾರ್ಮರ್ ಜೋಡಿಸಿ ಒಂದರ ಪ್ಲಗ್ ಕಿತ್ತರೆ, ಕಿತ್ತ ಪ್ಲಗ್ಗಿನ ಪಿನ್ನುಗಳಲ್ಲೇ ಪ್ರಾಣಕ್ಕೆ ಅಪಾಯವಾಗುವಷ್ಟು ವೋಲ್ಟ್ ಬರಬಹುದು. ಹಾಗೆ ಎಂದೂ ಜೋಡಿಸಬೇಡಿ. ವೈರಿನ ಹೊದಿಕೆ ಸೀಳಿದ, ಡಬ್ಬಿ ಬಿರುಕುಬಿಟ್ಟ ಹಳೆಯ ಟ್ರಾನ್ಸ್‌ಫಾರ್ಮರ್ ಎಷ್ಟೇ ಅಕ್ಕರೆಯದಾದರೂ ಮಕ್ಕಳ ಕೈಗೆ ಬೇಡ. ಬಿಚ್ಚಿ ರಿಪೇರಿ ಮಾಡುವ ಸಾಹಸವೂ ಬೇಡ. ಆಟ ಮುಗಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ತೆಗೆದಿಡಿ.

ಈಗ ನಮ್ಮ ಅರಸೀಕೆರೆಯಲ್ಲಿ ದಿನಾ ಸಂಜೆ ಆರಕ್ಕೆ ಗಾಡಿ ಹೊರಡುತ್ತದೆ. ಗಾರ್ಡ್ ನಾನು. ಹಸಿರು ಬಾವುಟ ತೋರಿಸುವ ಮುಂಚೆ ಡ್ರೈವರ್ ಸಾಹೇಬರನ್ನು ಕೇಳುತ್ತೇನೆ, “ಡಬ್ಬಿ ನೋಡಿದೆಯೇನಪ್ಪಾ?” ಅವತ್ತು ಅವನ ಮಾತನ್ನು ತಳ್ಳಿಹಾಕಿದ್ದಕ್ಕೆ ತಪ್ಪಾಯಿತು ಎಂದು ಹೇಳಿದ್ದೇನೆ. ಅವನು ಮರೆತಿದ್ದಾನೆ, ನಾನು ಮರೆತಿಲ್ಲ.

ಈ ವಾರದ ಕೆಲಸ: ಮನೆಯಲ್ಲಿರುವ ಮೊಬೈಲ್ ಚಾರ್ಜರನ್ನು ಸಾಕೆಟ್ಟಿನಿಂದ ತೆಗೆಸಿ, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಒಳಗೆಷ್ಟು ವೋಲ್ಟ್, ಹೊರಗೆಷ್ಟು ವೋಲ್ಟ್, ಎಷ್ಟು ಆಂಪಿಯರ್? ಗುಣಿಸಿ ವ್ಯಾಟ್ ಕಂಡುಹಿಡಿಯಿರಿ. ಓದುವ ಕೆಲಸ ಮಕ್ಕಳದು, ಗುಣಾಕಾರ ಸರಿಯಿದೆಯೇ ನೋಡುವುದು ಅಜ್ಜ-ಅಜ್ಜಿಯರದು.